ಲಾರಿ ಅಡಿಯ ಮ್ಯೂ: ಮನೆ ಗುಂಪಿನಲ್ಲಿ ಒಂದು ಸಂಜೆಯ ಚರ್ಚೆ

ಶಿರಸಿ ಅಪ್ಪಚ್ಚಿ
_ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ_
ಪೋಕೆಮಾನ್ ರೆಡ್ ಆಟದ ಗುಟ್ಟು ಕಡೆಗೂ ಬಯಲು!! ವರ್ಮಿಲಿಯನ್ ಬಂದರಿನ ಲಾರಿಯನ್ನು ಸ್ಟ್ರೆಂತ್ (ಭಾರ ತಳ್ಳುವ ವಿದ್ಯೆ) ಬಳಸಿ ತಳ್ಳಿದರೆ ಅಡಿಯಲ್ಲಿ ಮ್ಯೂ ಎಂಬ ಗುಟ್ಟಿನ ಪೋಕೆಮಾನ್ ಸಿಗುತ್ತದೆ. ಫೈರ್ ರೆಡ್‌ನಲ್ಲೂ ಆಗುತ್ತದೆ. ಮಕ್ಕಳಿಗೆ ಕಳಿಸಿ 🙏

ಶಿರಸಿ ಅಪ್ಪಚ್ಚಿ
ಪುಟ್ಟಿ ರಜೆಲಿ ಇದೇ ಆಡ್ತಾ ಇದ್ದು ಹೇಳಿ ಹಾಕಿದ್ದು.

ಕಾರವಾರ ಅಣ್ಣ
ಅಪ್ಪಚ್ಚಿ, ಇದು ಯಾರು ಬರೆದಿದ್ದು? ಮೆಸೇಜ್ ಜೊತೆ ಬಂದ ಚಿತ್ರ ಫೈರ್ ರೆಡ್‌ದು, ಬರಹ ರೆಡ್ ಬಗ್ಗೆ. ಒಂದು 1996ರದ್ದು, ಇನ್ನೊಂದು 2004ರದ್ದು.

ಶಿರಸಿ ಅಪ್ಪಚ್ಚಿ
ನಂಗೆ ಬಂದಿದ್ದು, ಕಳ್ಸಿದ್ದು. ಕುಮಟಾದಂವ ಅಡಿಕೆ ಕೊಳೆ ರೋಗದ ಔಷಧಿ ಮೆಸೇಜ್ ಹಾಕಿದಾಗ ಎಂತಕ್ಕೆ ಯಾರು ಬರೆದಿದ್ದು ಹೇಳಿ ಕೇಳಲ್ಲೆ?

ಕುಮಟಾ ಬಾವ
ಮಾವಾ, ಅದು ಸರಿಯಾಗೇ ಇತ್ತು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಅದನ್ನ ಎಂತಕ್ಕೆ ಎಳೀತ್ರಿ?

ದೊಡ್ಡಪ್ಪ
ಗುಂಪು ಮಾಡಿದ್ದು ತಿಥಿ, ಮದುವೆ ಸುದ್ದಿ ತಿಳಿಸಲೆ. ತಮ್ಮಾ, ಓದದೆ ಯಾವುದನ್ನೂ ಕಳ್ಸಡ. ಮಕ್ಕಳ ಕೈಯಿಂದ ಆಟ ಬಿಡಿಸೋದು ದೊಡ್ಡವರ ಕೆಲಸ.

ಶಿರಸಿ ಅಪ್ಪಚ್ಚಿ
ಅಣ್ಣಾ, ತೋಟದ ಪಾಲಿನ ಹೊತ್ತಿಗೂ ನೀ ನಂಗೊಬ್ಬಂಗೇ ಹೇಳಿದ್ದೆ.

ಕಾರವಾರ ಅಣ್ಣ
ಪಾಲಿನ ಮಾತು ಆಮೇಲೆ. ಲಾರಿ ಇರೋದು ನಿಜ, ಎಸ್.ಎಸ್. ಆನ್ ಹಡಗು ನಿಲ್ಲೋ ಕಟ್ಟೆಯ ಬಲಗಡೆ. ಅಲ್ಲಿಗೆ ನೀರು ದಾಟಿ ಹೋಗ್ಬೇಕು, ಅಂದ್ರೆ ಸರ್ಫ್ ಅನ್ನೋ ಈಜೋ ವಿದ್ಯೆ ಬೇಕು. ಆದ್ರೆ ಸರ್ಫ್ ಸಿಗೋದು ಎಷ್ಟೋ ಮುಂದೆ, ಫ್ಯೂಷಿಯಾದ ಸಫಾರಿ ಝೋನ್‌ನಲ್ಲಿ. ಅಷ್ಟೊತ್ತಿಗೆ ಬಂದರಿನ ದಾರಿ ಮುಚ್ಚಿರುತ್ತೆ, ಯಾಕಂದ್ರೆ ಕ್ಯಾಪ್ಟನ್ ಹತ್ರ ಕಟ್ ಅನ್ನೋ ಗಿಡ ಕಡಿಯೋ ವಿದ್ಯೆ ತಗೊಂಡು ಇಳಿದ ಕೂಡ್ಲೆ ಹಡಗು ಹೊರಟು ಹೋಗುತ್ತೆ. ಅದಕ್ಕೆ ಹಡಗಲ್ಲಿ ನಮ್ಮ ಜೊತೆ ಪಂದ್ಯ ಆಡೋ ಒಬ್ಬ ಟ್ರೈನರ್‌ನ ಆಡದೆ ಉಳಿಸ್ಕೊಂಡು, ಕಟ್ ಸಿಕ್ಕಿದ ಮೇಲೆ ಅವನ ಹತ್ರ ಬೇಕಂತ್ಲೇ ಸೋಲ್ಬೇಕು. ಆಗ ಆಟ ನಮ್ಮನ್ನ ಸೀದಾ ಪೋಕೆಮಾನ್ ಸೆಂಟರಿಗೆ ಹಾಕುತ್ತೆ, ಹಡಗು ಅಲ್ಲೇ ನಿಂತಿರುತ್ತೆ. ಎಲ್ಲರನ್ನೂ ಮೊದಲೇ ಸೋಲಿಸಿಬಿಟ್ರೆ ಈ ದಾರಿ ಹೋಯ್ತು, ಹಡಗಲ್ಲಿ ಕಾಡು ಪೋಕೆಮಾನ್ ಬರೋದಿಲ್ಲ.
ಇಷ್ಟೆಲ್ಲ ಮಾಡಿ ಹೋದ್ರೂ ಲಾರಿ ಅಲ್ಲಾಡೋದಿಲ್ಲ. ಸ್ಟ್ರೆಂತ್ ತಳ್ಳೋದು ದುಂಡು ಬಂಡೆನ ಮಾತ್ರ, ಲಾರಿ ಬರೀ ಹಿನ್ನೆಲೆ ಚಿತ್ರ. ಅಲ್ಲಿವರೆಗೆ ಹೋಗಿ ನೋಡಿದೋರೇ ಕಡಿಮೆ, ಹಾಗಾಗೇ ಈ ಸುಳ್ಳು ಇಷ್ಟು ಕಾಲ ಬಾಳಿದ್ದು.

ಪುಟ್ಟಿ
ಫೈರ್ ರೆಡ್‌ನಲ್ಲಿ?

ಕಾರವಾರ ಅಣ್ಣ
ಅಲ್ಲಿ ಲಾರಿ ಹತ್ರ ಒಂದು ಲಾವಾ ಕುಕೀ ಅಡಗಿದೆ, ಅಷ್ಟೆ. ನಿಜವಾಗಿ ಹುಡುಕೋ ವಸ್ತು ಬೇರೆ ಇವೆ. 30 ಜಾತಿ ಪೋಕೆಮಾನ್ ಹಿಡಿದ ಮೇಲೆ ರೂಟ್ 11ರ ಗೇಟ್ ಮಾಳಿಗೆಲಿ ಅಡಗಿದ ವಸ್ತು ಹುಡುಕೋ ಐಟಂಫೈಂಡರ್ ಕೊಡ್ತಾರೆ. ರೂಟ್ 12, 16ರಲ್ಲಿ ದಾರಿಗಡ್ಡ ಸ್ನಾರ್ಲಾಕ್ಸ್ ಅನ್ನೋ ಪೋಕೆಮಾನ್ ಮಲಗಿದ್ದ ಜಾಗದ ಮೇಲೇ ನಿಂತು ಅದನ್ನ ಒತ್ತು, ಲೆಫ್ಟೋವರ್ಸ್ ಅನ್ನೋ ವಸ್ತು ಸಿಗುತ್ತೆ. ವಿರಿಡಿಯನ್ ಜಿಮ್‌ನಲ್ಲಿ ಅಲ್ಲಿನ ನಾಯಕ ಜಿಯೋವಾನಿ ನಿಂತಿದ್ದ ಜಾಗದಲ್ಲಿ ಮ್ಯಾಚೋ ಬ್ರೇಸ್ ಅನ್ನೋ ಇನ್ನೊಂದು ವಸ್ತು. ಪಕ್ಕದ ಚೌಕದಲ್ಲಿ ನಿಂತ್ರೆ ಎರಡೂ ಸಿಗೋದಿಲ್ಲ.

ಕುಮಟಾ ಬಾವ
ಮಾರಿ ಜಾತ್ರೆ ಪೇಟೆಲಿ ಗೇಮ್ ಕ್ಯಾಸೆಟ್ ರಾಶಿ ಹಾಕ್ತಿದ್ದ ನೆನಪಿದ್ದ ಬಾವ? 9999 ಆಟ ಹೇಳಿ ಬರೆದಿರ್ತಿತ್ತು, ತಿರುಗಿ ತಿರುಗಿ ಅವೇ ಬರ್ತಿದ್ದ. ಈ ಸಲದ ಜಾತ್ರೆಗೆ ಯಾರ್ಯಾರು ಬತ್ರಿ?

ದೊಡ್ಡಪ್ಪ
ಜಾತ್ರೆಗೆ ಎಲ್ಲರೂ ಮನೆಗೇ ಬರವು.

ಪುಟ್ಟಿ
ನಂದು ಹಳೆ ರೆಡ್ ಅಣ್ಣಾ. ಹಂಗಾರೆ ಅದ್ರಲ್ಲಿ ಮ್ಯೂ ಇಲ್ಲೇ ಇಲ್ಯ?

ಶಿರಸಿ ಅಪ್ಪಚ್ಚಿ
ಇಲ್ಲೆ ಹೇಳಿ ನಿನ್ನಣ್ಣನೇ ತೀರ್ಮಾನ ಮಾಡಿ ಆತಲ.

ಕಾರವಾರ ಅಣ್ಣ
ಇದ್ದು ಅಪ್ಪಚ್ಚಿ, ಲಾರಿ ಅಡಿಲಿ ಇಲ್ಲೆ ಅಷ್ಟೆ. ಪರೀಕ್ಷೆಗೆ ಇಟ್ಟ ಭಾಗ ತೆಗೆದ ಮೇಲೆ ಕಾರ್ಟ್ರಿಜ್‌ನಲ್ಲಿ ಸುಮಾರು 300 ಬೈಟ್ ಜಾಗ ಉಳಿದಿತ್ತು, ಶಿಗೆಕಿ ಮೊರಿಮೊಟೊ ಅದ್ರಲ್ಲಿ ಮ್ಯೂ ತುಂಬಿಸಿದ್ರು. ಅದನ್ನ ಹೊರಗೆ ತರೋ ದಾರಿ ಹೀಗೆ.
ಮೊದಲು ಟೆಲಿಪೋರ್ಟ್ ವಿದ್ಯೆ ಗೊತ್ತಿರೋ ಅಬ್ರಾ ಅನ್ನೋ ಪೋಕೆಮಾನ್ ಹಿಡಿ. ಸೆರೂಲಿಯನ್ ಸೆಂಟರ್‌ನಲ್ಲಿ ಚಿಕಿತ್ಸೆ ಮಾಡಿಸು, ಟೆಲಿಪೋರ್ಟ್ ಅಲ್ಲಿಗೇ ತಂದು ಬಿಡುತ್ತೆ. ಇಬ್ಬರು ಟ್ರೈನರ್‌ಗಳನ್ನ ಆಡದೆ ಉಳಿಸಿರ್ಬೇಕು: ನಗೆಟ್ ಸೇತುವೆ ದಾಟಿದ ಮೇಲೆ ಎಡಗಡೆ ಹುಲ್ಲಲ್ಲಿ ನಿಂತವ, ಮತ್ತೆ ರೂಟ್ 25ರಲ್ಲಿ ಸ್ಲೋಪೋಕ್ ಅನ್ನೋ ಒಂದೇ ಪೋಕೆಮಾನ್ ಇಟ್ಟುಕೊಂಡ ಹುಡುಗ. ಹುಲ್ಲಿನವನ ನೇರಕ್ಕೆ ಮೇಲ್ಗಡೆ ನಿಂತು, ಅವ ಪರದೆಗೆ ಬರೋ ಒಂದು ಹೆಜ್ಜೆ ಮೊದಲು ಸೇವ್ ಮಾಡು. ಕೆಳಗೆ ಒಂದು ಹೆಜ್ಜೆ, ಅದೇ ಕ್ಷಣ ಸ್ಟಾರ್ಟ್, ಅಬ್ರಾ, ಟೆಲಿಪೋರ್ಟ್. ತಡವಾದ್ರೆ ಅವ ಬಂದು ಹಿಡೀತಾನೆ, ಸೇವ್‌ನಿಂದ ಮತ್ತೆ ಶುರು ಮಾಡು.
ಆಮೇಲೆ ಸ್ಲೋಪೋಕ್ ಹುಡುಗನ್ನ ಸೋಲಿಸಿ ಮತ್ತೆ ಟೆಲಿಪೋರ್ಟ್. ರೂಟ್ 24ರ ಕಡೆ, ಅಂದ್ರೆ ಆ ಸೇತುವೆ ಕಡೆ ನಡೆದ್ರೆ ಮೆನು ತಾನಾಗೇ ತೆರೀತು. ಬಿ ಒತ್ತು, ಲೆವೆಲ್ 7ರ ಮ್ಯೂ ಎದುರಿಗೆ. ಆ ಸ್ಲೋಪೋಕ್‌ನ ಸ್ಪೆಷಲ್ ಅನ್ನೋ ಬಲದ ಅಂಕಿ 21, ಆಟದೊಳಗೆ ಮ್ಯೂನ ಕ್ರಮಸಂಖ್ಯೆಯೂ 21, ಅದಕ್ಕೇ. ನಡುವೆ ಬೇರೆ ಯಾರನ್ನೂ ಆಡಡ, ಆಡಿದ್ರೆ ಸಂಖ್ಯೆ ಬದಲಾಗಿ ಬೇರೇನೋ ಬತ್ತು. ಸ್ಲೋಪೋಕ್‌ಗೆ ಗ್ರೌಲ್ ಅನ್ನೋ ದಾಳಿ ತಗ್ಗಿಸೋ ಪಟ್ಟು ಹಾಕಿದ್ರೆ ಮ್ಯೂನ ಲೆವೆಲ್ ಇಳೀತು.

ಶಿರಸಿ ಅಪ್ಪಚ್ಚಿ
ಮ್ಯೂ ಇದ್ದು ಹೇಳಿ ನಾ ಹೇಳಿದ್ದು ಸರಿನೇ ಆತಲ.

ಕುಮಟಾ ಬಾವ
ಮಾವಾ, ನಿಂಗ ಹೇಳಿದ್ದು ಲಾರಿ.

ಪುಟ್ಟಿ
ಅಣ್ಣಾ, ಸೆಂಟರಿಗೆ ಬಂದಿ. ಆದ್ರೆ ಸ್ಟಾರ್ಟ್ ಒತ್ತಿದ್ರೆ ಮೆನು ಬರ್ತಾ ಇಲ್ಲೆ.

ಕಾರವಾರ ಅಣ್ಣ
ಹಂಗೇ ಆಗವು, ಆಫ್ ಮಾಡಡ. ಸ್ಲೋಪೋಕ್ ಹುಡುಗನ ಮುಖದ ಮುಂದೆ ಹೋಗಿ ನಿಲ್ಲಡ, ಆಟ ಅಲ್ಲೇ ಕಟ್ಟಿ ನಿಲ್ತು. ದೂರದಿಂದ ಅವನೇ ನಡ್ಕೊಂಡು ಬರಲಿ, ಒಂದು ಹೆಜ್ಜೆ ಆದ್ರೂ ಸಾಕು.