ವಿಷಕಾರಿ ಪಾಚಿಯನ್ನು ಬ್ಯಾಕ್ಟೀರಿಯಾದಿಂದ ಹತೋಟಿಗೆ ತರಬಹುದೇ?

ಪ್ರಶ್ನೆ:
ಸಿಹಿನೀರಿನ ಜಲಾಶಯಗಳಲ್ಲಿ ದಟ್ಟವಾಗಿ ಹಬ್ಬುವ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯನ್ನು ಕೊಲ್ಲುವ ಬ್ಯಾಕ್ಟೀರಿಯಾಗಳಿವೆ ಎಂದು ಓದಿದ್ದೇನೆ. ಮೈಲುತುತ್ತ ಸುರಿಯುವ ಬದಲು ಇವನ್ನೇ ಬೆಳೆಸಿ ನೀರಿಗೆ ಬಿಟ್ಟರೆ ಸಾಲದೇ? ಇದು ರಾಸಾಯನಿಕಕ್ಕಿಂತ ಸುರಕ್ಷಿತವೆಂಬ ಮಾತು ಎಷ್ಟರ ಮಟ್ಟಿಗೆ ನಿಜ?

ಉತ್ತರ 1:
ಇರುವುದು ನಿಜ. ಈ ಪಾಚಿಯೂ ವಾಸ್ತವವಾಗಿ ಒಂದು ಬ್ಯಾಕ್ಟೀರಿಯಾವೇ ಆದ್ದರಿಂದ ಇದು ಬ್ಯಾಕ್ಟೀರಿಯಾಗಳ ಒಳಜಗಳವೆನ್ನಬಹುದು. ಬ್ಯಾಸಿಲಸ್, ಸ್ಟ್ರೆಪ್ಟೊಮೈಸಿಸ್ ಕುಲಗಳ ಕೆಲವು ತಳಿಗಳು ತಾವು ಸ್ರವಿಸುವ ವಸ್ತುಗಳಿಂದ ದೂರದಿಂದಲೇ ಪಾಚಿಯ ಕೋಶವನ್ನು ಒಡೆಯುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಕೋಶಕ್ಕೆ ಅಂಟಿಕೊಂಡೇ ಅದನ್ನು ಕರಗಿಸುತ್ತವೆ. ತೊಡಕು ಇರುವುದು ಆಮೇಲೆ. ಕೋಶ ಒಡೆದಾಗ ಅದರೊಳಗಿದ್ದ ಮೈಕ್ರೋಸಿಸ್ಟಿನ್ ವಿಷ ನೀರಿನಲ್ಲಿ ಬೆರೆಯುತ್ತದೆ, ಮತ್ತು ಅದು ಕುದಿಸಿದರೂ ನಾಶವಾಗುವುದಿಲ್ಲ. ಮೈಲುತುತ್ತದ ದೋಷವೂ ಇದೇ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಅದನ್ನು ಹಾಕಿದ ಬಳಿಕ 148 ಮಂದಿ, ಬಹುಪಾಲು ಮಕ್ಕಳು, ಅಸ್ವಸ್ಥರಾದರು. ಅಲ್ಲಿದ್ದುದು ಬೇರೆ ಜಾತಿಯ ಪಾಚಿ, ಬೇರೆ ವಿಷ, ಆದರೆ ವಿಷ ಹೊರಬಿದ್ದ ಬಗೆ ಒಂದೇ ಎಂಬುದು ನಂತರದ ಸಂಶೋಧನೆಯ ನಿಲುವು. ಆದ್ದರಿಂದ ಜೈವಿಕವೆಂಬ ಒಂದೇ ಕಾರಣಕ್ಕೆ ಇದನ್ನು ಸುರಕ್ಷಿತವೆನ್ನಲು ನಾನು ಒಪ್ಪುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಪಾಚಿಯನ್ನು ಕೊಲ್ಲುವ ಕೆಲಸ ಬೇರೆ, ವಿಷವನ್ನು ಒಡೆಯುವ ಕೆಲಸ ಬೇರೆ. ಎರಡನೆಯದಕ್ಕೂ ಬ್ಯಾಕ್ಟೀರಿಯಾಗಳಿವೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ವಿವರಿಸಿದ ಸ್ಫಿಂಗೊಮೊನಾಸ್ ತಳಿಯೊಂದು ಮೈಕ್ರೋಸಿಸ್ಟಿನ್ನನ್ನೇ ಆಹಾರವಾಗಿ ಬಳಸುತ್ತದೆ: ಅದರ ಎಂಎಲ್‌ಆರ್-ಎ ಎಂಬ ಕಿಣ್ವವು ಉಂಗುರದಂತಿರುವ ವಿಷದ ಅಣುವನ್ನು ಒಂದು ಕಡೆ ಕತ್ತರಿಸಿದೊಡನೆ ಅದರ ವಿಷತ್ವ ನೂರು ಪಟ್ಟಿಗೂ ಹೆಚ್ಚು ಇಳಿಯುತ್ತದೆ.

ಪ್ರಶ್ನೆ ಕೇಳಿದವರು:
ಹಾಗಿದ್ದರೆ ಎರಡೂ ಬಗೆಯವನ್ನು ಒಟ್ಟಿಗೆ ಬಿಡಬಹುದಲ್ಲವೇ?

ಉತ್ತರ 2:
ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಇದು ಸುಲಭ. ತೆರೆದ ಜಲಾಶಯದಲ್ಲಿ ಹೊರಗಿನಿಂದ ಬಿಟ್ಟ ಬ್ಯಾಕ್ಟೀರಿಯಾಗಳು ಚದುರಿ ವಿರಳವಾಗುತ್ತವೆ, ಸೂಕ್ಷ್ಮ ಪ್ರೋಟೊಜೋವಾಗಳು ಅವನ್ನು ತಿಂದುಹಾಕುತ್ತವೆ, ಪರಿಣಾಮ ತೋರುವಷ್ಟು ಸಂಖ್ಯೆ ಉಳಿಯುವುದು ಕಷ್ಟ. ನನ್ನ ದೃಷ್ಟಿಯಲ್ಲಿ ವಿಷ ಒಡೆಯುವ ಬ್ಯಾಕ್ಟೀರಿಯಾಗಳಿಗೆ ತಕ್ಕ ಜಾಗ ನೀರು ಶುದ್ಧೀಕರಣ ಘಟಕದ ನಿಧಾನಗತಿಯ ಮರಳು ಸೋಸಣೆ. ಮರಳಿನ ಕಣಗಳ ಮೇಲೆ ಅವು ಲೋಳೆಯ ಪದರವಾಗಿ ನೆಲೆಯೂರುತ್ತವೆ, ಹಾದುಹೋಗುವ ನೀರಿನಲ್ಲಿ ವಿಷವನ್ನು ಅಳೆಯುವುದೂ ಸಾಧ್ಯ. ಜೀವಮಾನವಿಡೀ ಕುಡಿಯುವ ನೀರಿನಲ್ಲಿ ಈ ವಿಷದ ಒಂದು ಸಾಮಾನ್ಯ ಬಗೆಯಾದ ಮೈಕ್ರೋಸಿಸ್ಟಿನ್-ಎಲ್ಆರ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಹೊಸ ಮರಳಿನಲ್ಲಿ ಈ ಪದರ ಬೆಳೆಯಲು ಸಮಯ ಬೇಕು, ಅಲ್ಲಿಯವರೆಗೆ ವಿಷವನ್ನು ಹೀರಿಕೊಳ್ಳುವ ಸಕ್ರಿಯ ಇಂಗಾಲದ ಆಸರೆ ಇರಲೇಬೇಕು.

ಉತ್ತರ 1:
ಜಲಾಶಯಕ್ಕೆ ಪಾಚಿಯ ಪೋಷಕಾಂಶವಾದ ರಂಜಕ (ಫಾಸ್ಫರಸ್) ಕೊಳಚೆ ನೀರು ಮುಂತಾದವುಗಳಿಂದ ಹರಿದುಬರುವುದು ನಿಲ್ಲದಿದ್ದರೆ ಪಾಚಿ ಮತ್ತೆ ಹುಟ್ಟುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಅಮೆರಿಕದ ವಾಷಿಂಗ್ಟನ್ ಸರೋವರವು 1960ರ ದಶಕದಲ್ಲಿ ಕೊಳಚೆ ನೀರನ್ನು ಬೇರೆಡೆಗೆ ತಿರುಗಿಸಿದ ಮೇಲೆ ತಿಳಿಯಾಯಿತು; ಅಲ್ಲಿ ಯಾವ ಬ್ಯಾಕ್ಟೀರಿಯಾವನ್ನೂ ಬಿಟ್ಟಿರಲಿಲ್ಲ.