ಏರು ಹತ್ತುವಾಗ ಹೀಟರ್ ಗಾಳಿ ಗಾಜಿನ ಕಡೆಗೆ ತಿರುಗುತ್ತಿದೆ – 1995ರ ಜೀಪ್ ಚೆರೋಕಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಡೆನ್ವರ್‌ನಲ್ಲಿ ವಾಸಿಸುವ ನನ್ನ ಬಳಿ 4.0 ಲೀಟರ್ ಎಂಜಿನ್ನಿನ ಹಳೆಯ ಚೆರೋಕಿ ಇದೆ. ಸಮತಟ್ಟಾದ ರಸ್ತೆಯಲ್ಲಿ ಹೀಟರ್‌ನಿಂದ ಯಾವ ತೊಂದರೆಯೂ ಇಲ್ಲ. ಆದರೆ ಐ-70 ಹೆದ್ದಾರಿಯಲ್ಲಿ ಬೆಟ್ಟದ ಮೇಲಿನ ಐಸೆನ್‌ಹೋವರ್ ಸುರಂಗದ ಕಡೆಗೆ ಏರು ಹತ್ತುತ್ತ ಆಕ್ಸಿಲರೇಟರ್ ಒತ್ತಿ ಹಿಡಿದ ಕೆಲವೇ ಕ್ಷಣಗಳಲ್ಲಿ, ಕಾಲಿನ ಬಳಿ ಬರುತ್ತಿದ್ದ ಬಿಸಿಗಾಳಿ ಮುಂದಿನ ಗಾಜಿನ ಕಡೆಗೆ ತಿರುಗಿಬಿಡುತ್ತದೆ. ಕಾಲು ಸಡಿಲಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಪಕ್ಕದಲ್ಲಿ ಕೂರುವ ಅಮ್ಮನಿಗೆ ಕಾಲು ಮರಗಟ್ಟುವುದರಿಂದ ಇದನ್ನು ಬೇಗ ಸರಿಪಡಿಸಲೇಬೇಕಾಗಿದೆ. ಡ್ಯಾಶ್‌ಬೋರ್ಡಿನ ಹೀಟರ್ ಕಂಟ್ರೋಲನ್ನೇ ಬದಲಿಸಬೇಕೆಂದು ಒಂದು ಗ್ಯಾರೇಜಿನವರು ಹೇಳಿದ್ದಾರೆ. ಒಪ್ಪುವ ಮುನ್ನ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ 1

ದಯವಿಟ್ಟು ಈಗಲೇ ಒಪ್ಪಬೇಡಿ. ನಿಮ್ಮ ಗಾಡಿಯಲ್ಲಿ ಗಾಳಿಯ ದಿಕ್ಕು ಬದಲಿಸುವ, ಹೀಟರಿನೊಳಗಿನ ಪುಟ್ಟ ಬಾಗಿಲುಗಳನ್ನು ಎಳೆಯುವುದು ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ) ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಹೀರುವಾಗ ಉಂಟಾಗುವ ಸೆಳೆತ. ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕವಾಟ) ಮುಚ್ಚಿರುವಾಗ ಅದು ಹೆಚ್ಚಿರುತ್ತದೆ, ಪೂರ್ತಿ ತೆರೆದಾಗ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆ ಹೊತ್ತಿನಲ್ಲಿಯೂ ಬಾಗಿಲುಗಳು ನಿಂತಲ್ಲೇ ನಿಲ್ಲಲೆಂದು ಮುಂದಿನ ಬಂಪರ್‌ನ ಹಿಂದೆ ವ್ಯಾಕ್ಯೂಮ್ ಕೂಡಿಡುವ ಚೆಂಡಿನಾಕಾರದ ಪ್ಲಾಸ್ಟಿಕ್ ರಿಸರ್ವಾಯರನ್ನೂ, ಕೂಡಿಟ್ಟ ವ್ಯಾಕ್ಯೂಮ್ ಎಂಜಿನ್ ಕಡೆಗೆ ಸೋರಿಹೋಗದಂತೆ ಚೆಕ್ ವಾಲ್ವನ್ನೂ (ಒಂದೇ ದಿಕ್ಕಿನಲ್ಲಿ ಗಾಳಿ ಬಿಡುವ ಕವಾಟ) ಇಟ್ಟಿದ್ದಾರೆ. ವ್ಯಾಕ್ಯೂಮ್ ತಪ್ಪಿದಾಗ ಗಾಳಿ ಗಾಜಿಗೇ ಹೋಗುವಂತೆ ಮಾಡಿರುವುದು ಬುದ್ಧಿವಂತಿಕೆಯ ಕೆಲಸ. ಏನೇ ಕೆಟ್ಟರೂ ಚಾಲಕನಿಗೆ ರಸ್ತೆ ಕಾಣಬೇಕಲ್ಲವೇ?

ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಗಾಳಿ ಮುಖಕ್ಕೆ ಬರುವಂತೆ ಇಟ್ಟು ಎಂಜಿನ್ ನಿಲ್ಲಿಸಿ, ಬ್ಲೋವರ್ ಓಡುತ್ತಿರುವಂತೆ ಕೀಲಿಯನ್ನು ಮಾತ್ರ ಆನ್ ಮಾಡಿ. ಗಾಳಿ ಕೂಡಲೇ ಗಾಜಿನ ಕಡೆಗೆ ಹೋದರೆ ವ್ಯಾಕ್ಯೂಮ್ ಎಲ್ಲೋ ಸೋರುತ್ತಿದೆ ಎಂದರ್ಥ. ಆಗ ವ್ಯಾಕ್ಯೂಮ್ ಕೈಪಂಪಿನಿಂದ ಚೆಕ್ ವಾಲ್ವ್, ರಿಸರ್ವಾಯರ್ ಮತ್ತು ಅದರ ಪೈಪನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿ. ಈ ಮೂರೂ ಸೋರದಿದ್ದರೆ ಮಾತ್ರ ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ಪ್ರತಿ 1,000 ಅಡಿ ಎತ್ತರಕ್ಕೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸುಮಾರು 1 ಇಂಚು (ವ್ಯಾಕ್ಯೂಮ್ ಅಳೆಯುವ ಪಾದರಸದ ಇಂಚು) ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 19 ಇಂಚು ತೋರಿಸುವ ಆರೋಗ್ಯವಂತ ಎಂಜಿನ್ 5,280 ಅಡಿಯ ಡೆನ್ವರ್‌ನಲ್ಲಿ 14ರ ಆಸುಪಾಸು ತೋರಿಸುವುದು ಸಹಜ. ಅದನ್ನು ಕಂಡು ಎಂಜಿನ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಸುರಂಗದ ಬಳಿ 11,000 ಅಡಿ ದಾಟುವುದರಿಂದ, ಕೆಳಗೆ ಗಮನಕ್ಕೇ ಬಾರದ ಸಣ್ಣ ಸೋರಿಕೆಯೂ ಅಲ್ಲಿ ದೊಡ್ಡದಾಗುತ್ತದೆ.

ಸೋರಿಕೆ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವವರಿದ್ದಾರೆ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಖಂಡಿತ ಅದನ್ನು ಮಾಡಬೇಡಿ. ಹೀಟರ್ ಹೋಸ್‌ಗಳ ನಡುವಿನ ಪ್ಲಾಸ್ಟಿಕ್ ವಾಲ್ವ್ ಕೂಡ ವ್ಯಾಕ್ಯೂಮಿನಿಂದಲೇ ನಡೆಯುತ್ತದೆ. ಹಳೆಯದಾದಾಗ ಬಿರುಕುಬಿಟ್ಟು ಕೂಲೆಂಟ್ ಸೋರುತ್ತದೆ. ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಂಜಿನ್ ನಿಲ್ಲಿಸಿದ ಕೂಡಲೇ ಗಾಳಿ ಗಾಜಿಗೆ ಹೋಯಿತು. ಚೆಕ್ ವಾಲ್ವ್ ಮತ್ತು ರಿಸರ್ವಾಯರ್ ಎರಡೂ ಚೆನ್ನಾಗಿದ್ದವು. ಬಂಪರ್ ಕಡೆಗೆ ಹೋಗುವ ತೆಳುವಾದ ಪ್ಲಾಸ್ಟಿಕ್ ಪೈಪು ಬ್ಯಾಟರಿಯ ಪಕ್ಕದಲ್ಲಿ ಪುಡಿಯಾಗುವಷ್ಟು ಒಣಗಿ, ಕೂದಲೆಳೆಯಂತೆ ಸೀಳಿತ್ತು. ಆ ಭಾಗವನ್ನು ಕತ್ತರಿಸಿ, ಬಿಗಿಯಾದ ವ್ಯಾಕ್ಯೂಮ್ ರಬ್ಬರ್ ಹೋಸ್ ಜೋಡಿಸಿದೆ. ನಿನ್ನೆ ಸುರಂಗದವರೆಗೆ ಹೋಗಿ ಬಂದೆವು. ಇಡೀ ಏರಿನಲ್ಲಿ ಬಿಸಿಗಾಳಿ ಅಮ್ಮನ ಕಾಲ ಬಳಿಯೇ ಇತ್ತು.