ನೆಸ್ಕ್ಯಾಕ್ ಕಾಲೇಜುಗಳು: ಓಟಕ್ಕೆ ಹಣವಿಲ್ಲವೆಂದರೆ ಓಡುವುದೇಕೆ?

ಎಡಿಸನ್ ಅಪ್ಪ:
ನಾವಿರುವುದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ ಊರಿನಲ್ಲಿ. ಮಗಳು ಹನ್ನೊಂದನೇ ತರಗತಿ, ಕ್ರಾಸ್ ಕಂಟ್ರಿ (ಬಯಲು-ಗುಡ್ಡಗಳಲ್ಲಿನ ದೂರದ ಓಟ) ಓಡುತ್ತಾಳೆ. ಮೇನ್ ರಾಜ್ಯದ ಸಣ್ಣ ಕಾಲೇಜೊಂದರ ಕೋಚ್ ಬಿಡದೆ ಇಮೇಲ್ ಬರೆಯುತ್ತಿದ್ದಾರೆ. ಕೇಳಿದರೆ, ಅವರದು ನೆಸ್ಕ್ಯಾಕ್ ಎಂಬ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟವಂತೆ, ಓಟಕ್ಕೆಂದು ಒಂದು ಡಾಲರ್ ಕೂಡ ಕೊಡುವುದಿಲ್ಲವಂತೆ! ನಮ್ಮ ದಾವಣಗೆರೆಯಲ್ಲಿ ಕಬಡ್ಡಿ ಆಡಿದವರಿಗೆ ಕ್ರೀಡಾ ಕೋಟಾದಲ್ಲಿ ಸೀಟಾದರೂ ಸಿಗುತ್ತಿತ್ತು. ಇಲ್ಲಿ ಹಣವೂ ಇಲ್ಲ, ಟಿವಿಯಲ್ಲಿ ಬರುವ ಹೆಸರೂ ಅಲ್ಲ. ಮತ್ತೆ ಯಾವ ಸುಖಕ್ಕೆ?

ಬಾಸ್ಟನ್ ಅಮ್ಮ:
ಸರ್, ಕೋಟಾ ಎಂದಿರಲ್ಲ, ಗುಟ್ಟು ಅಲ್ಲೇ ಇದೆ. ನೆಸ್ಕ್ಯಾಕ್ ಇರುವ ಡಿವಿಷನ್ ಮೂರರ, ಅಂದರೆ ಕಾಲೇಜು ಕ್ರೀಡೆಯ ಮೂರನೇ ದರ್ಜೆಯ, ಯಾವ ಕಾಲೇಜೂ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆದರೆ ಪ್ರವೇಶ ಕಚೇರಿಯಲ್ಲಿ ಕೋಚ್‌ ಮಾತಿಗೆ ತೂಕವಿದೆ. ಹನ್ನೊಂದನೇ ತರಗತಿ ಮುಗಿದ ಮೇಲೆ, ಜುಲೈಯಿಂದ, ಅಂಕಪಟ್ಟಿಯನ್ನು ಕೋಚ್ ಆ ಕಚೇರಿಗೆ ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ‘ಪ್ರೀ-ರೀಡ್’ ಎನ್ನುತ್ತಾರೆ. ಅದು ಸೀಟಿನ ಭರವಸೆಯಲ್ಲ, ಆದರೆ ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯುತ್ತದೆ. ಕೋಚ್ ನಗುನಗುತ್ತಾ ಮಾತಾಡಿದರೆಂದು ಕರಗಬೇಡಿ. ‘ನಿಮ್ಮ ಪಟ್ಟಿಯಲ್ಲಿ ಇವಳು ಎಷ್ಟನೆಯವಳು’ ಎಂದು ನೇರವಾಗಿ ಕೇಳಿ. ಮಗಳೇ ಕೇಳಲಿ, ನೀವಲ್ಲ.

ಬಹುತೇಕ ಕೋಚ್‌ಗಳು ‘ಅರ್ಲಿ ಡಿಸಿಷನ್’ನಲ್ಲೇ, ಅಂದರೆ ಒಂದೇ ಕಾಲೇಜಿಗೆ ಬದ್ಧರಾಗಿ ಮುಂಚಿತವಾಗಿಯೇ, ಅರ್ಜಿ ಹಾಕಿ ಎನ್ನುತ್ತಾರೆ. ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಕಡೆ ಚೌಕಾಸಿಗೆ ದಾರಿಯಿಲ್ಲ. ಹಣದ ನೆರವು ಸಿಗುವುದು ಕುಟುಂಬದ ಆದಾಯ ನೋಡಿಯೇ. ಆದ್ದರಿಂದ ಕಾಲೇಜಿನ ಜಾಲತಾಣದಲ್ಲಿರುವ ವೆಚ್ಚದ ಲೆಕ್ಕಪಟ್ಟಿಯನ್ನು ಈಗಲೇ ತುಂಬಿ ನೋಡಿ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ದೊಡ್ಡ ಆಸೆ ಬೇಡ.

ಹಳೇ ಲೆಕ್ಕ:
ಹೆಸರಿಲ್ಲ ಎಂದವರು ಯಾರು? 1971ರಲ್ಲಿ ಹುಟ್ಟಿದ ಒಕ್ಕೂಟದಲ್ಲಿ ಈಗ ಹನ್ನೊಂದು ಕಾಲೇಜುಗಳಿವೆ: ಮೇನ್‌ನಲ್ಲಿ ಬೇಟ್ಸ್, ಬೋಡಿನ್, ಕೋಲ್ಬಿ; ಮ್ಯಾಸಚೂಸೆಟ್ಸ್‌ನಲ್ಲಿ ಆಮ್ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್; ಕನೆಕ್ಟಿಕಟ್‌ನಲ್ಲಿ ಟ್ರಿನಿಟಿ, ವೆಸ್ಲಿಯನ್, ಕನೆಕ್ಟಿಕಟ್ ಕಾಲೇಜು; ವರ್ಮಾಂಟ್‌ನ ಮಿಡಲ್‌ಬರಿ; ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್. ಅಮೆರಿಕದ ಮೊದಲ ಅಂತರ ಕಾಲೇಜು ಬೇಸ್‌ಬಾಲ್ ಪಂದ್ಯ ಆಡಿದ್ದೇ ಆಮ್ಹರ್ಸ್ಟ್ ಮತ್ತು ವಿಲಿಯಮ್ಸ್, 1859ರಲ್ಲಿ. ಆಮ್ಹರ್ಸ್ಟ್ 73-32ರಿಂದ ಗೆದ್ದಿತು. ಮರುದಿನ ಚದುರಂಗದಲ್ಲೂ ಸೋಲಿಸಿತು! ಸ್ಕ್ವಾಷ್‌ನಲ್ಲಿ ಟ್ರಿನಿಟಿಯ ಪುರುಷರ ತಂಡ 1998ರಿಂದ 2012ರವರೆಗೆ ಸತತ 252 ಪಂದ್ಯ ಗೆದ್ದಿತ್ತು, ಆ ತಂಡಗಳಲ್ಲಿ ಭಾರತದ ಹುಡುಗರೂ ಇದ್ದರು.

ಎಡಿಸನ್ ಅಪ್ಪ:
ಇಬ್ಬರಿಗೂ ವಂದನೆ. ಅರ್ಧದಲ್ಲಿ ಓಟ ಬಿಟ್ಟರೆ ಕಾಲೇಜಿನವರು ಮುಖ ಸಿಂಡರಿಸುತ್ತಾರೆಯೇ?

ಮಾಜಿ ಓಟಗಾರ್ತಿ:
ನಾನು ಬಿಟ್ಟವಳೇ, ಅಂಕಲ್. ಎರಡನೇ ವರ್ಷ ಕಣಕಾಲಿನ ಮೂಳೆಯಲ್ಲಿ ಬಿರುಕು ಬಂತು. ಕೋಚ್ ಬೇಸರಪಟ್ಟರು, ಅಷ್ಟೇ. ನನ್ನ ನೆರವು ಓಟಕ್ಕೆ ಕೊಟ್ಟದ್ದಲ್ಲವಾದ್ದರಿಂದ ಅದರಲ್ಲಿ ಒಂದು ಡಾಲರ್ ಕೂಡ ಕಡಿತವಾಗಲಿಲ್ಲ. ಓಟ ನಿಂತ ಮೇಲೂ ಅಲ್ಲಿ ಇರಲು ಇಷ್ಟವೇ ಎಂದು ನಿಮ್ಮ ಮಗಳನ್ನು ಕೇಳಿ. ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ, ಅಕ್ಟೋಬರ್‌ನಲ್ಲಿ ಮೇನ್ ಎಲ್ಲರಿಗೂ ಇಷ್ಟವಾಗುತ್ತದೆ.